ಎತ್ತಿದ ಬೆರಳು

ಕಳೆದ ವಾರ ಮಗಳಿಗೆ ಒಂದು ಮೆಸೇಜು ಕಳಿಸಿದೆ. ಪರೀಕ್ಷೆ ಹತ್ತಿರ ಬಂತು, ಗೆಳತಿಯರ ಜತೆ ಮಾಲ್‌ಗೆ ಹೋಗುವುದು ಈ ವಾರ ಬೇಡ ಎಂದು. ಪಕ್ಕದ ಕೋಣೆಯಲ್ಲೇ ಕೂತಿದ್ದವಳು ಉತ್ತರವಾಗಿ ಒಂದು ಸ್ಟಿಕರ್ ಕಳಿಸಿದಳು. ಬಿಳಿ ಟೊಪ್ಪಿ, ಬಿಸಿಲಿಗೆ ಕಿರಿದಾದ ಕಣ್ಣು, ಕುತ್ತಿಗೆಗೆ ಸುತ್ತಿದ ಹಳದಿ ಟವೆಲು, ಆಕಾಶಕ್ಕೆ ಎತ್ತಿದ ಒಂದು ಬೆರಳು. ಕೆಳಗೆ ಕೆಂಪು ಅಕ್ಷರದಲ್ಲಿ, 'ಕಣ್ಣು ಕಾಣುವುದಿಲ್ಲ, ಆದರೂ ಔಟ್'.

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅಪ್ಪ ಅಮ್ಮಂದಿರು ಅನ್ಯಾಯದ ತೀರ್ಪು ಕೊಟ್ಟಾಗ ಈ ಸ್ಟಿಕರ್ ಹಾಕಬೇಕು ಎಂಬುದಷ್ಟೇ ಅವಳ ಗುಂಪಿನ ಹುಡುಗಿಯರಿಗೆ ಗೊತ್ತು. ಅದು ಎಲ್ಲಿಂದ ಬಂತು, ಆ ಮನುಷ್ಯ ಯಾರು ಎಂದು ಅವರು ಕೇಳಿದವರಲ್ಲ. ನಾನು ಮಾತ್ರ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟೆ.

ಮಗಳು ಸಣ್ಣವಳಿದ್ದಾಗ ಅವರು ನಮ್ಮದೇ ಕಟ್ಟಡದವರು. ಕುವೈತಿನ ಹವಲ್ಲಿಯ ಆ ಹಳೆಯ ಕಟ್ಟಡದಲ್ಲಿ ನಮಗಿಂತ ಎರಡು ಮಹಡಿ ಕೆಳಗೆ, ಇನ್ನಿಬ್ಬರ ಜತೆ ಒಂದು ಕೋಣೆಯಲ್ಲಿದ್ದರು. ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ವ್ಯಾನು ಅವರದು. ಮಕ್ಕಳಿಗೆಲ್ಲ ವ್ಯಾನ್ ಅಂಕಲ್, ನಮಗೆ ಅಣ್ಣ. ಊರು ಉಡುಪಿಯ ಹತ್ತಿರ ಎಲ್ಲೋ. ಹೆಂಡತಿ ಮಕ್ಕಳು ಅಲ್ಲೇ. ಶುಕ್ರವಾರ ಶಾಲೆ ಇಲ್ಲದ್ದರಿಂದ ವ್ಯಾನಿಗೂ ರಜೆ. ಆ ದಿನ ಅವರು ಬಿಳಿ ಟೊಪ್ಪಿ ಹಾಕಿಕೊಂಡು ಅಂಪೈರ್ ಆಗುತ್ತಿದ್ದರು.

ಚಳಿಗಾಲದ ಶುಕ್ರವಾರಗಳಲ್ಲಿ ಊರ ಬದಿಯವರ ಟೆನಿಸ್ ಬಾಲ್ ಪಂದ್ಯಗಳು ನಡೆಯುತ್ತಿದ್ದವು. ಕಟ್ಟಡಗಳ ಹಿಂದಿನ ಖಾಲಿ ಮರಳು ಜಾಗ, ನಡುವೆ ಒಂದು ಸಿಮೆಂಟಿನ ಪಟ್ಟಿ, ಅದರ ಮೇಲೆ ಹಾಸುವ ಮ್ಯಾಟು. ಕ್ರೀಸಿನ ಗೆರೆಯನ್ನು ಸುಣ್ಣದ ಪುಡಿಯಲ್ಲಿ ಎಳೆಯುತ್ತಿದ್ದೆವು. ಬೌಂಡರಿ ಎಂದರೆ ನಿಲ್ಲಿಸಿದ ನಮ್ಮ ಕಾರುಗಳ ಸಾಲು. ಆಡುವವರು ಬದಲಾಗುತ್ತಿದ್ದರು; ಒಬ್ಬನಿಗೆ ಡ್ಯೂಟಿ, ಇನ್ನೊಬ್ಬ ಊರಿಗೆ. ಅಂಪೈರ್ ಮಾತ್ರ ಅವರೇ. ಎರಡೂ ಕಡೆಯವರು ಒಪ್ಪುವ ಮನುಷ್ಯ ನಮ್ಮಲ್ಲಿ ಬೇರೆ ಇರಲಿಲ್ಲ.

ನಮ್ಮಲ್ಲೊಂದು ಪದ್ಧತಿ ಇತ್ತು. ಆಟ ಮುಗಿದ ಮೇಲೆ ಎಲ್ಲರ ಮನೆಯಿಂದ ಬಂದ ತಿಂಡಿ ಬಿಚ್ಚಿದಾಗ ಮೊದಲ ತಟ್ಟೆ ಅಂಪೈರಿಗೆ. ಅದನ್ನು ಸೋತ ತಂಡದ ಕ್ಯಾಪ್ಟನ್ನೇ ಕೈಯಾರೆ ಕೊಡಬೇಕು. ನಮಗೆ ನಿಮ್ಮ ಮೇಲೆ ಬೇಜಾರಿಲ್ಲ ಎಂದು ಬಾಯಲ್ಲಿ ಹೇಳುವ ಬದಲು ಹೀಗೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಅವರು ತಟ್ಟೆ ತೆಗೆದುಕೊಂಡು, "ಇದಕ್ಕೇ ಮಾರಾಯ ನಾನು ಬರುದು, ನಿಮ್ಮ ಆಟ ನೋಡ್ಲಿಕ್ಕೆ ಯಾರು ಬರ್ತಾರೆ?" ಎನ್ನುತ್ತಿದ್ದರು. ಪ್ರತಿ ವಾರ ಅದೇ ಮಾತು, ಪ್ರತಿ ವಾರ ನಗು.

ಆ ವರ್ಷದ ಫೈನಲ್ ನಮಗೂ ಪಕ್ಕದ ಬಡಾವಣೆ ಸಾಲ್ಮಿಯಾದವರಿಗೂ ಬಿತ್ತು. ಕೊನೆಯ ಚೆಂಡಿಗೆ ನಮಗೆ ಎರಡು ರನ್ ಬೇಕಿತ್ತು; ಸ್ಕೋರು ಸಮವಾದರೆ ಲೀಗಿನಲ್ಲಿ ಮುಂದಿದ್ದ ಅವರಿಗೇ ಕಪ್ಪು. ನಮ್ಮವ ಹೊಡೆದ, ಒಂದು ಓಡಿದರು, ಎರಡನೆಯದಕ್ಕೆ ತಿರುಗಿದರು. ಚೆಂಡು ನೇರ ಬಂದು ಅಣ್ಣ ನಿಂತಿದ್ದ ಕಡೆಯ ಸ್ಟಂಪಿಗೆ ಬಡಿಯಿತು. ಆ ತುದಿಗೆ ಓಡುತ್ತಿದ್ದ ನಮ್ಮ ಇನ್ನೊಬ್ಬ ಬ್ಯಾಟು ಚಾಚಿಕೊಂಡು ಮರಳಿನಲ್ಲಿ ಜಾರಿ ಬಂದ. ಧೂಳು ಎದ್ದಿತು. ಧೂಳು ಕೂರುವ ಮೊದಲೇ ಅಣ್ಣ ಬೆರಳು ಎತ್ತಿದ್ದರು.

ಎಲ್ಲರೂ ಒಟ್ಟಿಗೆ ಬಾಯಿ ತೆರೆದರು.

"ಓ ಅಣ್ಣಾ, ಕಣ್ಣಿಗೆ ಮಣ್ಣು ಬಿತ್ತಾ?"

"ಯಾರಾದ್ರೂ ಒಂದು ಕನ್ನಡಕ ಕೊಡಿ ಮಾರ್ರೆ ಅವರಿಗೆ!"

"ಸಾಲ್ಮಿಯಾದವರು ಬಿರಿಯಾನಿ ಕೊಡ್ತೇವೆ ಅಂದ್ರಾ?"

ನಮ್ಮ ಕ್ಯಾಪ್ಟನ್ ಓಡಿಹೋಗಿ ಅವರ ಎದುರು ನಿಂತ. "ಅಣ್ಣ, ಆ ಕಡೆ ಲೆಗ್ ಅಂಪೈರಾಗಿ ನಿಂತವನನ್ನು ಒಂದು ಸಲ ಕೇಳಿ."

"ನನ್ನ ಕಾಲ ಬುಡದಲ್ಲಿ ಆದದ್ದು ಮಾರಾಯ. ಅವನನ್ನು ಎಂತ ಕೇಳುದು?"

"ಬ್ಯಾಟು ಒಳಗೆ ಇತ್ತು!"

"ನನಗೆ ಕಂಡದ್ದು ನಾನು ಕೊಟ್ಟೆ. ಖಲಾಸ್."

ಕಾರುಗಳ ಸಾಲಿನಿಂದ ಹಾರ್ನ್ ಶುರುವಾಯಿತು. ಒಬ್ಬ ಒತ್ತಿದ, ಉಳಿದವರೂ ಒತ್ತಿದರು. 'ಕನ್-ನಡ-ಕಾ, ಕನ್-ನಡ-ಕಾ' ಎಂದು ಹಾರ್ನಿನ ತಾಳಕ್ಕೆ ಕೂಗು ಎದ್ದಿತು. ನಾನೂ ಕೂಗಿದೆ. ಅದರಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಮರುದಿನ ಗಂಟಲು ಕಟ್ಟಿತ್ತು.

ಅನುಮಾನ ಇರುವುದು ಬೇರೆ ವಿಷಯದಲ್ಲಿ. ಆ ರನ್‌ಔಟನ್ನು ನಾನು ನೋಡಿದೆನೇ? ನನ್ನ ನೆನಪಿನಲ್ಲಿ ಬ್ಯಾಟು ಗೆರೆ ದಾಟಿದ ಚಿತ್ರ ಇದೆ, ಬಹಳ ಸ್ಪಷ್ಟವಾಗಿ. ಅದೇ ನೆನಪಿನಲ್ಲಿ, ಅದೇ ಕ್ಷಣದಲ್ಲಿ, ನಾನು ಕಾರಿನ ಹಿಂದೆ ಬಗ್ಗಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದೆ. ಗದ್ದಲಕ್ಕೆ ಬೆಚ್ಚಿ ಚಹಾವನ್ನು ಕಾಲ ಮೇಲೆ ಚೆಲ್ಲಿಕೊಂಡೆ. ಕಾಲು ಸುಟ್ಟದ್ದು ನಿಜ. ಹೆಂಡತಿ ಮುಲಾಮು ಹಚ್ಚಿದ್ದಳು. ಚಹಾ ಬಗ್ಗಿಸುತ್ತಿದ್ದವನು ಬ್ಯಾಟು ನೋಡಿರಲು ಸಾಧ್ಯವಿಲ್ಲ. ಎರಡು ನೆನಪುಗಳಲ್ಲಿ ಒಂದು ಸುಳ್ಳು, ಮತ್ತು ಸುಟ್ಟ ಕಾಲು ಯಾವುದರ ಪರ ಎಂಬುದು ನನಗೆ ಗೊತ್ತು.

ನಾನು ಓದಿದ್ದು ಮನಶ್ಶಾಸ್ತ್ರ. ಕೆಲಸ ಮಾಡುವುದು ಕುವೈತ್ ಸಿಟಿಯ ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ, ವಾಹನಗಳ ಕ್ಲೇಮು ನೋಡುವ ವಿಭಾಗದಲ್ಲಿ. ಅಪಘಾತವನ್ನು ಕಣ್ಣಾರೆ ಕಂಡೆವು ಎನ್ನುವವರನ್ನು ನಂಬದೆ ಇರುವುದಕ್ಕೇ ನನಗೆ ಸಂಬಳ. ಸದ್ದು ಕೇಳಿ ತಿರುಗಿದವನು ಡಿಕ್ಕಿಯನ್ನೇ ನೋಡಿದೆ ಎಂದು ಆಣೆ ಹಾಕುವುದನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅಂಥ ನಾನು ಆ ದಿನ ಎಲ್ಲರಿಗಿಂತ ಗಟ್ಟಿಯಾಗಿ ಸಾಕ್ಷಿ ಹೇಳಿದೆ.

ತಿಂಡಿಯ ಹೊತ್ತಾಯಿತು. ಬನ್ಸಿನ ಡಬ್ಬಿ ನನ್ನ ಮನೆಯದು, ನನ್ನ ಕೈಯಲ್ಲೇ ಇತ್ತು. ಅಣ್ಣ ಎಂದಿನ ಜಾಗದಲ್ಲಿ, ವ್ಯಾನಿನ ನೆರಳಲ್ಲಿ ನಿಂತಿದ್ದರು. ಟವೆಲು ಕುತ್ತಿಗೆಯಿಂದ ತೆಗೆದು ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು. ಕ್ಯಾಪ್ಟನ್ ಅವರ ಕಡೆ ಬೆನ್ನು ಹಾಕಿ ತನ್ನ ತಟ್ಟೆ ತುಂಬಿಸಿಕೊಂಡ. ನಾನು ಒಂದು ತಟ್ಟೆ ಒಯ್ದುಕೊಡಬಹುದಿತ್ತು. ಆದರೆ ಅದು ಕ್ಯಾಪ್ಟನ್ನನ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ... ಸ್ವಲ್ಪ ಹೊತ್ತಿನ ಮೇಲೆ ಅವರು ವ್ಯಾನಿನಿಂದ ನೀರಿನ ಬಾಟಲಿ ತೆಗೆದು ಕುಡಿದರು. ಯಾರಿಗೂ ಹೇಳದೆ ಹೋದರು.

ಇಷ್ಟಕ್ಕೇ ಮುಗಿದಿದ್ದರೆ ಅದು ಬರೀ ಕ್ರಿಕೆಟ್ಟಾಗಿರುತ್ತಿತ್ತು.

ಯಾರೋ ತೆಗೆದ ವೀಡಿಯೋ ಸಂಜೆಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂತು. ನಿಧಾನ ಮಾಡಿ, ದೊಡ್ಡದು ಮಾಡಿ, ಬಾಣದ ಗುರುತು ಹಾಕಿ ಎಲ್ಲರೂ ಹಂಚಿದರು. 'ಇದು ಔಟ್ ಆದ್ರೆ ನಮ್ಮಜ್ಜಿನೂ ಔಟ್' ಎಂದು ಒಬ್ಬ ಬರೆದ. ನಾನು ನಗುವ ಮುಖ ಒತ್ತಿದೆ. ಒಂದು ಸಲ ಒಬ್ಬನೇ ಕೂತು ಆ ವೀಡಿಯೋ ನೋಡಿದ ನೆನಪಿದೆ. ಅದರಲ್ಲಿ ಗೆರೆಯೇ ಕಾಣುತ್ತಿರಲಿಲ್ಲ. ಇಡೀ ಬೆಳಗು ಕಾಲುಗಳ ಅಡಿ ಸಿಕ್ಕಿ ಸುಣ್ಣ ಅಳಿಸಿಹೋಗಿತ್ತು. ಇಲ್ಲದ ಗೆರೆಯನ್ನು ಬ್ಯಾಟು ದಾಟಿದ್ದನ್ನು ನಾವೆಲ್ಲ ಕಂಡಿದ್ದೆವು. ಆದರೆ ಇದೂ ನಿಜವೋ, ಅಥವಾ ಅವರ ಪರವಾಗಿ ಏನಾದರೂ ಇರಲಿ ಎಂದು ಆಮೇಲೆ ನಾನೇ ಕಟ್ಟಿಕೊಂಡದ್ದೋ? ಈಗ ಆ ವೀಡಿಯೋ ಯಾರ ಫೋನಿನಲ್ಲೂ ಇಲ್ಲ. ಅದರಿಂದ ಕತ್ತರಿಸಿ ಮಾಡಿದ ಸ್ಟಿಕರ್ ಮಾತ್ರ ಉಳಿದಿದೆ. ಸ್ಟಂಪು, ಬ್ಯಾಟು, ಧೂಳು, ಓಡಿ ಬಂದವನು ಎಲ್ಲ ಕತ್ತರಿಗೆ ಹೋಗಿ ಮನುಷ್ಯನೊಬ್ಬ ಬೆರಳೆತ್ತಿ ನಿಂತಿದ್ದಾನೆ, ಯಾತಕ್ಕೆಂದು ತಿಳಿಯದ ಹಾಗೆ.

ಮುಂದಿನ ಶುಕ್ರವಾರದ ಸ್ನೇಹ ಪಂದ್ಯಕ್ಕೆ ನೋಡುಗರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಒಬ್ಬ ಪೊರಕೆಯ ಕೋಲು ತಂದು ನೆಲ ತಡವುತ್ತ ಪಿಚ್ಚಿನವರೆಗೂ ನಡೆದ. ಅಣ್ಣನೂ ನಕ್ಕರು. ನಗುತ್ತಲೇ ನಮ್ಮ ಸಾಲಿನ ಒಂದೊಂದೇ ಮುಖ ನೋಡಿಕೊಂಡು ಬಂದರು. ನಾನೂ ಕಪ್ಪು ಕನ್ನಡಕ ಹಾಕಿದ್ದೆ. ನಾನು ಮೈದಾನಕ್ಕೆ ಯಾವಾಗಲೂ ಅದನ್ನು ಹಾಕಿಕೊಂಡೇ ಬರುವವನು, ಆ ಬಿಸಿಲಿಗೆ. ಅದು ಅವರಿಗೆ ಗೊತ್ತಿತ್ತೇ? ತೆಗೆದು ಕಿಸೆಗೆ ಹಾಕಲು ಎಷ್ಟು ಹೊತ್ತು ಬೇಕಿತ್ತು? ಅವರು ನನ್ನ ಮುಖದ ಹತ್ತಿರ ಸ್ವಲ್ಪ ನಿಂತು, ಟೊಪ್ಪಿ ಸರಿಮಾಡಿಕೊಂಡು ತಮ್ಮ ಜಾಗಕ್ಕೆ ಹೋದರು. ಅದು ಅವರ ಕೊನೆಯ ಅಂಪೈರಿಂಗ್.

ನಮ್ಮ ಊರವರು ಕುವೈತಿನಲ್ಲಿ ಮಾಡುವ ತಪ್ಪು ಇದು: ಕ್ರಿಕೆಟ್ಟು, ಪೂಜೆ, ಬಾಡಿಗೆ ಕೋಣೆ, ಮಕ್ಕಳ ಶಾಲೆ ಎಲ್ಲದಕ್ಕೂ ಅದೇ ವಾಟ್ಸಾಪ್ ಗುಂಪು. ಸ್ಟಿಕರ್ ಅಲ್ಲಿಗೆ ಬಂದಾಗ ಹಿಂದಿನ ತಮಾಷೆ ಗೊತ್ತಿಲ್ಲದ ತಾಯಿಯೊಬ್ಬರು ಬರೆದರು: 'ಇವರು ನಮ್ಮ ವ್ಯಾನ್ ಅಂಕಲ್ ಅಲ್ವಾ? ಇವರಿಗೆ ಕಣ್ಣು ಸರಿ ಇಲ್ವಾ?' ಅದಕ್ಕೂ ನಾಲ್ಕಾರು ಜನ ನಗುವ ಮುಖ ಒತ್ತಿದರು. 'ಇಲ್ಲ, ಅದು ಆಟದ ಮಾತು' ಎಂದು ಯಾರೂ ಬರೆಯಲಿಲ್ಲ. ನಾನು ಬರೆಯಲು ಶುರು ಮಾಡಿ ಅಳಿಸಿದೆ ಎಂದು ನೆನಪು. ಶುರುವನ್ನೇ ಮಾಡಿರಲಿಕ್ಕಿಲ್ಲ.

ಆ ತಿಂಗಳ ಕೊನೆಗೆ ಒಂದು ಮನೆಯವರು ಮಗನನ್ನು ವ್ಯಾನಿನಿಂದ ಬಿಡಿಸಿದರು. ಮತ್ತೊಂದು ಮನೆಯವರು. ಅವರು ಬಿಡಿಸಿದರು ಎಂಬುದೇ ಇವರಿಗೆ ಕಾರಣವಾಯಿತು.

"ಎಲ್ಲರೂ ಬಿಡಿಸ್ತಿದ್ದಾರೆ. ನಾವು ಮಾತ್ರ ಎಂತಕ್ಕೆ?" ಹೆಂಡತಿ ಕೇಳಿದಳು.

"ಅದು ತಮಾಷೆ ಮಾರಾಯ್ತಿ. ಅವರ ಕಣ್ಣಿಗೆ ಏನೂ ಆಗಿಲ್ಲ."

"ತಮಾಷೆ ಅಂತ ನಿಮಗೆ ಗೊತ್ತುಂಟು. ನಾಳೆ ಏನಾದ್ರೂ ಆದ್ರೆ?"

ಆ ಪ್ರಶ್ನೆಗೆ ಉತ್ತರ ನನ್ನ ಬಳಿ ಇತ್ತು. ಅವರ ವ್ಯಾನಿನ ಮೇಲೆ ಒಂದು ಗೀರೂ ಇರಲಿಲ್ಲ. ಅವರ ಹೆಸರಿನ ಒಂದು ಕ್ಲೇಮೂ ನನ್ನ ಮೇಜಿಗೆ ಬಂದಿರಲಿಲ್ಲ. 'ನಾಳೆ ಏನಾದ್ರೂ ಆದ್ರೆ' ಎಂಬ ಹೆದರಿಕೆಗೆ ಆಧಾರ ಏನು ಎಂದು ಕಚೇರಿಯಲ್ಲಾದರೆ ಮೊದಲು ಕೇಳುವವನೇ ನಾನು. ಮನೆಯಲ್ಲಿ ಕೇಳಲಿಲ್ಲ. ಶಾಲೆಯ ಬಸ್ಸಿಗೆ ಮಗಳ ಹೆಸರು ಕೊಟ್ಟೆ.

ಅದನ್ನು ಹೇಳಲು ಅವರ ಕೋಣೆಗೆ ಹೋಗಬೇಕು ಎಂದುಕೊಂಡಿದ್ದೆ. ಅಷ್ಟರಲ್ಲಿ ಲಿಫ್ಟಿನ ಎದುರು ಅವರೇ ಸಿಕ್ಕಿದರು. ಕೈಯಲ್ಲಿ ಖುಬ್ಬೂಸ್ ರೊಟ್ಟಿಯ ಪೊಟ್ಟಣ ಇತ್ತು.

"ಅಣ್ಣ, ಮುಂದಿನ ತಿಂಗಳಿಂದ ಮಗಳನ್ನು ಶಾಲೆಯ ಬಸ್ಸಿಗೆ... ಅದರಲ್ಲಿ ಎಸಿ ಚೆನ್ನಾಗಿ ಉಂಟಂತೆ."

"ಆಯ್ತು ಆಯ್ತು. ಸೆಖೆ ಮಾರ್ರೆ, ಮಕ್ಕಳಿಗೆ ಕಷ್ಟ," ಎಂದರು. ಗುಂಡಿ ಒತ್ತಿದರು. ಲಿಫ್ಟು ಎಲ್ಲೋ ಮೇಲೆ ನಿಂತಿತ್ತು. "ಒಂದು ಕೇಳ್ಲಾ? ಆ ದಿನ ನೀವು ಅಲ್ಲೇ ಇದ್ರಲ್ಲ. ನಿಮಗೆ ಹೇಗೆ ಕಂಡಿತು?"

"ಎಲ್ಲರೂ ನಾಟೌಟ್ ಅಂತಾರಲ್ಲ ಅಣ್ಣ."

"ಎಲ್ಲರದ್ದು ಕೇಳಿ ಆಯ್ತು. ನಿಮ್ಮದು ಕೇಳಿದ್ದು. ನೀವು ಓದಿದವರು, ಸುಮ್ಮನೆ ಹೇಳ್ಲಿಕ್ಕಿಲ್ಲ. ನನಗೇ ಈಗ ಡೌಟು ಬರ್ತಾ ಉಂಟು ಮಾರ್ರೆ. ಗೇರು ಹಾಕುವಾಗಲೂ ಎರಡೆರಡು ಸಲ ಕನ್ನಡಿ ನೋಡ್ತೇನೆ."

ನಾನು ನೋಡಲೇ ಇಲ್ಲ ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು: ಅಣ್ಣ, ನಾನು ಚಹಾ ಬಗ್ಗಿಸ್ತಾ ಇದ್ದೆ, ಬೊಬ್ಬೆ ಕೇಳಿ ಬೊಬ್ಬೆ ಹಾಕಿದೆ. ಲಿಫ್ಟು ಬಂತು. ಹಿಂದೆಯೇ ಬಂದ ಇಬ್ಬರು ನಮ್ಮ ಜತೆ ಒಳಗೆ ಹೊಕ್ಕರು. ನಾವು ಸಂಖ್ಯೆಗಳು ಬದಲಾಗುವುದನ್ನು ನೋಡುತ್ತ ನಿಂತೆವು. ಅವರ ಮಹಡಿ ಮೊದಲು ಬಂತು.

ಬೇಸಿಗೆ ರಜೆಗೆ ಮೊದಲೇ ಅವರು ವ್ಯಾನು ಮಾರಿದರು. ವೀಸಾ ಕೊಟ್ಟ ಕಫೀಲನ ಹತ್ತಿರ ಮಾತಾಡಿ, ವಾಸದ ಪರವಾನಗಿ ಇಕಾಮಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರು ಎಂದು ಕ್ಯಾಪ್ಟನ್ ಹೇಳಿದ. ಅವನ ದನಿ ಸಣ್ಣದಾಗಿತ್ತು. ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ನಮ್ಮಲ್ಲಿ ಯಾರೂ ಹೋಗಲಿಲ್ಲ. ಯಾವ ದಿನ ಹೋದರೆಂದೇ ತಿಳಿಯಲಿಲ್ಲ. ಹೋದ ವರ್ಷ ಅದೇ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಾನೂ ಒಂದು ಒತ್ತಿದೆ. ಅವರ ಫೋಟೋ ಇದ್ದರೆ ಹಾಕಿ ಎಂದು ಯಾರೋ ಕೇಳಿದರು. ಯಾರೂ ಏನೂ ಹಾಕಲಿಲ್ಲ. ಅವರ ಚಿತ್ರ ಎಲ್ಲರ ಫೋನಿನಲ್ಲೂ ಇತ್ತು.

ಕಳೆದ ವಾರ, ಸ್ಟಿಕರ್ ಬಂದ ಸಂಜೆ, ಊಟಕ್ಕೆ ಕೂತಾಗ ಮಗಳಿಗೆ ಫೋನು ತೋರಿಸಿದೆ. "ಇವರು ಯಾರು ಗೊತ್ತುಂಟಾ?"

"ಸಮ್ ಅಂಪೈರ್. ಎವ್ರಿವನ್ ಹ್ಯಾಸ್ ಇಟ್, ಪಪ್ಪಾ."

"ಸರಿ ನೋಡು."

ಅವಳು ಬೆರಳಿಂದ ಚಿತ್ರ ದೊಡ್ಡದು ಮಾಡಿದಳು. ಮುಖವನ್ನಲ್ಲ, ಎತ್ತಿದ ಕೈಯನ್ನು. ತುತ್ತು ಬಾಯಿಯ ಹತ್ತಿರ ನಿಂತಿತು.

"ವ್ಯಾನ್ ಅಂಕಲ್!" ಎಂದಳು. ಆಮೇಲೆ ಅವಳಿಗೇ ಆಶ್ಚರ್ಯವಾಗುವ ಹಾಗೆ ಕನ್ನಡದಲ್ಲೇ ಮುಂದುವರಿಸಿದಳು. "ಅವರು ಹೀಗೇ ಮಾಡ್ತಿದ್ರು. ನಾವು ರೋಡ್ ಕ್ರಾಸ್ ಮಾಡುವಾಗ, ಮಿಡ್ಲಲ್ಲಿ ನಿಂತು. ಎಲ್ಲ ಕಾರ್ ಸ್ಟಾಪ್. ನಾನು ಗೇಟ್ ಒಳಗೆ ಹೋಗಿ ಟರ್ನ್ ಮಾಡಿ ನೋಡಿದ್ರೂ ಫಿಂಗರ್ ಕೆಳಗೆ ಬರ್ತಿರ್ಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಕಚೇರಿಯ ದಾರಿಯಲ್ಲಿರುತ್ತಿದ್ದೆ.

"ವೇರ್ ಈಸ್ ಹಿ ನೌ?"

ಹೇಳಿದೆ. ಅವಳು ಫೋನು ತಟ್ಟೆಯ ಪಕ್ಕ ಇಟ್ಟಳು. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಮಗಳು ಕೇಳಿದಳು, ತನ್ನನ್ನು ಆ ವ್ಯಾನಿನಿಂದ ಯಾಕೆ ಬಿಡಿಸಿದ್ದು ಎಂದು.

"ಶಾಲೆಯ ಬಸ್ಸಲ್ಲಿ ಎಸಿ ಇತ್ತು," ಎಂದೆ.

"ಬಟ್ ಪಪ್ಪಾ," ಎಂದಳು, ತಪ್ಪು ನೆನಪನ್ನು ತಿದ್ದುವವರ ತಾಳ್ಮೆಯಲ್ಲಿ, "ಅಂಕಲ್ ವ್ಯಾನಲ್ಲೂ ಎಸಿ ಇತ್ತು."