ಥಾನಿನ ಕೊನೆಯ ತುಂಡು

ಎತ್ತರ ಐದಡಿಗೆ ಒಂದಿಂಚು ಕಡಿಮೆ. ವಯಸ್ಸು ಮೂವತ್ತರ ಆಸುಪಾಸು. ಚಪ್ಪಲಿ ಎರಡು ಸಲ ಹೊಲಿಸಿದ್ದು. ತಲೆಗೆ ಸುತ್ತಿದ ಕಪ್ಪು ಬಟ್ಟೆ ಅಗ್ಗದ ಹತ್ತಿಯದು, ಒಗೆದೊಗೆದು ಬೂದಿಗೆ ತಿರುಗಿದೆ; ಅದರ ಅಂಚಿನ ಕೈಹೊಲಿಗೆ ಮಾತ್ರ ಮಿಷನ್ನಿಗೆ ನಾಚಿಕೆ ತರುವಂಥದ್ದು. ಹದಿನಾರು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬಂದ ಖಮರುನ್ನೀಸಾಳನ್ನು ಕೆಂಪರಾಜ್ ಅಳೆದದ್ದು ಹೀಗೆ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಓಣಿಯಲ್ಲಿ ಅವನದು ಯೂನಿಫಾರ್ಮ್ ಅಂಗಡಿ. ಅಪ್ಪ ರಾಗಿ ಬೆಳೆಯುತ್ತಿದ್ದ ರಾಮಮೂರ್ತಿ ನಗರದ ಹೊಲ ಸೈಟುಗಳಾಗಿ, ಆ ದುಡ್ಡು ನೀಲಿ, ಬೂದಿ, ಮೆರೂನ್ ಬಟ್ಟೆಯ ಥಾನುಗಳಾಗಿ ಅವನ ಕಪಾಟು ಸೇರಿತ್ತು.

"ಅಂಗಡೀಲಿ ಇರೋವಾಗ ಇದನ್ನ ತೆಗೆದಿಡ್ತೀರೇನಮ್ಮಾ?" ಎಂದು ತಲೆಯ ಕಡೆ ಕೈ ತೋರಿಸಿದ.

"ಬಟ್ಟೆ ಕತ್ತರಿಸೋದು ಕೈಯಲ್ಲಿ ಅಣ್ಣ. ತಲೆ ಬೇಕಾಗೋದು ಲೆಕ್ಕಕ್ಕೆ. ಅದು ಮುಚ್ಚಿದ್ರೂ ಓಡ್ತದೆ."

ಕೆಂಪರಾಜ್ ಚೌಕಾಸಿಯಲ್ಲಿ ಸೋಲುವುದು ಅಪರೂಪ. ಅವತ್ತೇ ಕತ್ತರಿ ಕೊಟ್ಟ. ಆಕೆಯ ಗಂಡ ಹಾಶಿಮ್, ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಮಾರುತ್ತಿದ್ದವನು, ತೀರಿಕೊಂಡು ಆರು ತಿಂಗಳಾಗಿತ್ತು. ನಾಲ್ಕು ವರ್ಷದ ಮಗಳು ಶಗುಫ್ತಾ ಮೇಜಿನಡಿ ಕೂತು ಗುಂಡಿಗಳನ್ನು ಬಣ್ಣವಾರು ವಿಂಗಡಿಸುತ್ತಿದ್ದಳು.

ಖಮರುನ್ನೀಸಾ ಬಟ್ಟೆ ಹಾಸಿ ಗೆರೆ ಎಳೆದರೆ ಒಂದು ವಿಶೇಷ ನಡೆಯುತ್ತಿತ್ತು. ಬೇರೆಯವರ ಕೈಯಲ್ಲಿ ಚೂರುಚೂರಾಗಿ ಕಸಕ್ಕೆ ಹೋಗುತ್ತಿದ್ದ ಬಟ್ಟೆ, ಆಕೆಯ ಕೈಯಲ್ಲಿ ಥಾನಿನ ಕೊನೆಗೆ ಒಂದೂವರೆ ಮೀಟರಾಗಿ ಉಳಿಯುತ್ತಿತ್ತು. ಅದಕ್ಕೆ ಅಂಚು ಹೊಲಿದು ತಲೆಬಟ್ಟೆ ಮಾಡುತ್ತಿದ್ದಳು. ಕಾಲೇಜಿಗೆ ಹೋಗುವ ಸಾಬರ ಹುಡುಗಿಯರು ಕೊಳ್ಳುತ್ತಿದ್ದರು.

"ಯೂನಿಫಾರ್ಮಿನದೇ ಬಣ್ಣ, ಅದೇ ಥಾನು. ಯಾರ ಕಣ್ಣಿಗೂ ಚುಚ್ಚೋದಿಲ್ಲ," ಎನ್ನುತ್ತಿದ್ದಳು.

ಕೆಂಪರಾಜನ ಕಣ್ಣಿಗೂ ಚುಚ್ಚಲಿಲ್ಲ. ಕಸಕ್ಕೆ ಹೋಗಬೇಕಾದದ್ದು ಗಲ್ಲಾಪೆಟ್ಟಿಗೆಗೆ ಬಂದರೆ ಯಾರಿಗೆ ಚುಚ್ಚುತ್ತದೆ?

ಶಗುಫ್ತಾ ಬೆಳೆದು ಕೆ.ಆರ್. ಪುರಂ ಕಡೆಯ ಒಂದು ಕಾಲೇಜಿನಲ್ಲಿ ಸೈನ್ಸ್ ಓದತೊಡಗಿದಳು. ಫಾರ್ಮಸಿ ಮಾಡುತ್ತೇನೆ ಎನ್ನುತ್ತಿದ್ದಳು. ಅಮ್ಮ ಉಳಿಸಿದ ಬೂದಿಬಣ್ಣದ ತುಂಡು ಅವಳ ತಲೆಯ ಮೇಲೂ ಇತ್ತು. ಅವಳು ಎರಡನೇ ಪಿಯುಸಿಯಲ್ಲಿದ್ದಾಗ, ಇಪ್ಪತ್ತೆರಡರ ಫೆಬ್ರವರಿಯಲ್ಲಿ, ತರಗತಿಯಲ್ಲಿ ತಲೆಬಟ್ಟೆ ಕೂಡದೆಂಬ ಮಾತು ಊರೂರಿನ ಕಾಲೇಜುಗಳ ಗೇಟಿಗೆ ಬಂದು ನಿಂತಿತು. ಆ ಕಾಲೇಜಿಗೂ ಯೂನಿಫಾರ್ಮ್ ಕೊಡುತ್ತಿದ್ದವನು ಕೆಂಪರಾಜನೇ. ಪ್ರಾಂಶುಪಾಲೆ ಅನಸೂಯ ಕರೆಸಿದರು.

"ನಾಳೆ ಕಮಿಟಿ ಮೀಟಿಂಗ್ ಇದೆ ಕೆಂಪರಾಜ್. ಈ ಹುಡುಗೀರ ತಲೆಬಟ್ಟೆ ಯೂನಿಫಾರ್ಮ್ ಜೊತೆ ನಿಮ್ಮ ಅಂಗಡಿಯಿಂದಲೇ ಬರ್ತಿತ್ತಾ? ಹೌದು ಅಂತ ಬರೆದುಕೊಡಿ. ಅದೂ ಯೂನಿಫಾರ್ಮೇ ಅಂತ ನಾನು ವಾದ ಮಾಡಿ ನೋಡ್ತೀನಿ."

ಹೌದು ಎನ್ನುವುದಕ್ಕೆ ಅವನ ಬಿಲ್ ಪುಸ್ತಕವೇ ಸಾಕಿತ್ತು. ಆದರೆ ಇನ್ನೂ ಐದು ಕಾಲೇಜುಗಳ ಆರ್ಡರ್ ಕಣ್ಮುಂದೆ ಬಂತು. ಆ ಕಾಗದ ಯಾರ ಕೈಗೆ ಹೋಗುತ್ತದೋ, ಯಾರು ಫೋಟೋ ತೆಗೆಯುತ್ತಾರೋ.

"ಇಲ್ಲ ಮೇಡಂ. ನಮ್ಮ ಅಂಗಡೀದಲ್ಲ. ಹೊರಗೆಲ್ಲೋ ತಗೊಂಡಿರ್ತಾರೆ."

ಅಂಗಡಿಗೆ ಬಂದಾಗ ಖಮರುನ್ನೀಸಾ ಕತ್ತರಿ ಕೆಳಗಿಟ್ಟು ನಿಂತಿದ್ದಳು. "ಏನಂದ್ರು ಅಣ್ಣ? ತಲೆಬಟ್ಟೆ ವಿಷಯ ಕೇಳಿದ್ರಾ?"

"ಇಲ್ವಲ್ಲಮ್ಮ. ಕೋಟಿನ ಅಳತೆ ಕೇಳಿದ್ರು, ಅಷ್ಟೇ."

"ಕೇಳಿದ್ರೆ ನೀವು ಹೇಳೇ ಹೇಳ್ತೀರಿ. ನಂಗೊತ್ತು," ಎಂದು ಮತ್ತೆ ಕತ್ತರಿ ಎತ್ತಿಕೊಂಡಳು.

ತಲೆಬಟ್ಟೆ ತೆಗೆದೇ ಒಳಗೆ ಬರಬೇಕೆಂದು ಕಮಿಟಿ ತೀರ್ಮಾನಿಸಿತು. ಶಗುಫ್ತಾ ಮೂರು ದಿನ ಗೇಟಿನವರೆಗೆ ಹೋಗಿ ಬಂದಳು. ನಾಲ್ಕನೆಯ ದಿನ ಹೋಗಲಿಲ್ಲ. ಪ್ರಾಕ್ಟಿಕಲ್ ತಪ್ಪಿತು, ಪರೀಕ್ಷೆ ತಪ್ಪಿತು. ಈಗ ಶಿವಾಜಿನಗರದ ಒಂದೇ ಕೋಣೆಯ ಮನೆಯಲ್ಲಿ ಕೂತು ಗಿರಾಕಿಗಳ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಎಳೆಗಳನ್ನು ಬಣ್ಣವಾರು ಬಹಳ ಚೆನ್ನಾಗಿ ವಿಂಗಡಿಸುತ್ತಾಳಂತೆ.

ಖಮರುನ್ನೀಸಾ ಈಗಲೂ ಬೆಳಿಗ್ಗೆ ಹತ್ತಕ್ಕೆ ಬರುತ್ತಾಳೆ. ಆದರೆ ಗೆರೆ ಎಳೆಯುವ ರೀತಿ ಬದಲಾಗಿದೆ. ಥಾನು ಮುಗಿದ ಕಡೆ ಅಂಗೈಯಗಲದ ಬಟ್ಟೆಯೂ ಉಳಿಯುವುದಿಲ್ಲ. ಅದೇ ಥಾನಿನಲ್ಲಿ ಒಂದು ಅಂಗಿ ಜಾಸ್ತಿಯೇ ಬರುತ್ತದೆ.

"ಏನ್ ಖಮರಮ್ಮ, ತುಂಡೇ ಕಾಣಲ್ವಲ್ಲ?" ಎಂದು ಒಮ್ಮೆ ಕೇಳಿದ.

"ಯಾರಿಗೂ ಬೇಡದ್ದು ಯಾಕೆ ಉಳಿಸ್ಬೇಕು ಅಣ್ಣ? ನಿಮಗೇ ಲಾಭ."

ಲಾಭವೇ. ಆ ಲಾಭವನ್ನು ಎದುರಿಗಿಟ್ಟುಕೊಂಡು ಕೆಂಪರಾಜ್ ದಿನಾ ಕೂರುತ್ತಾನೆ. ಅವನು ಆಕೆಗೆ ಒಂದು ನಿಜ ಹೇಳಬೇಕಾಗಿದೆ: ಅವತ್ತು ಮೇಡಂ ತಲೆಬಟ್ಟೆಯ ವಿಷಯ ಕೇಳಿದ್ದರು, ಇಲ್ಲವೆಂದವನು ತಾನೇ. ಇನ್ನೂ ಹೇಳಿಲ್ಲ.