ಹೊಕ್ಕುಳಿಗೆ ಹಚ್ಚಿದ ಎಣ್ಣೆ

ತೊಂಬತ್ತರ ದಶಕದ ನಡುವೆ, ಮಾಗಿಯ ಒಂದು ಬೆಳಗ್ಗೆ ನಾನೂ ಅಣ್ಣನೂ ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದೆವು. ಅಣ್ಣ ಹಂಗಳದಲ್ಲಿ ಬೇಸಾಯ ಮಾಡಿಕೊಂಡಿದ್ದ. ನಾನು ಗುಂಡ್ಲುಪೇಟೆಗೆ ಮದುವೆಯಾಗಿ ಬಂದವಳು. ಅವನಿಗೆ ಕೆಲವು ತಿಂಗಳಿಂದ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಬೈದು ಬೈದು ಕೊನೆಗೆ ನಾನೇ ಎಳೆದುಕೊಂಡು ಹೊರಟೆ.

"ಉಷ್ಣ ಕಣಮ್ಮಿ. ಒಕ್ಕಳ್ಗೆ ಅರಳೆಣ್ಣೆ ಅಚ್ಕತಾ ಇವ್ನಿ, ವಾಸಿಯಾಯ್ತದೆ," ಎಂದ. ಉರಿಮೂತ್ರಕ್ಕೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಹೊಕ್ಕುಳು ಸದಾ ಒದ್ದೆಯಾಗಿರುತ್ತಿದ್ದುದೂ ಎಣ್ಣೆಯಿಂದಲೇ ಎಂದು ಅವನು ತಿಳಿದಿದ್ದ.

ದಾರಿಯಲ್ಲಿ ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಇಳಿದು ಆ ಚಳಿಯಲ್ಲಿ ಬಿಸಿ ಇಡ್ಲಿ ತಿಂದೆವು. ಅಣ್ಣ ಇನ್ನೊಂದು ಪ್ಲೇಟು ಹಾಕಿಸಿಕೊಂಡು, "ರೋಗ ಇರೋನು ಇಂಗ್ ತಿಂತಾನಾ?" ಎಂದು ನನ್ನನ್ನು ಕೆಣಕಿದ.

ಚಾಮರಾಜನಗರದ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಆಮೇಲೆ ಹತ್ತಿಯಿಂದ ಹೊಕ್ಕುಳನ್ನು ಒರೆಸಿ, ಅದರ ಕೆಳಗೆ ಒತ್ತಿದರು. ರಕ್ತ ಬೆರೆತ ಲೋಳೆ ಬಂತು.

"ಇದು ಎಣ್ಣೆಯಲ್ಲಮ್ಮ," ಎಂದರು. ಮಗು ಹೊಟ್ಟೆಯಲ್ಲಿರುವಾಗ ಹೊಕ್ಕುಳಿಗೂ ಮೂತ್ರಕೋಶಕ್ಕೂ ನಡುವೆ ಒಂದು ನಾಳ ಇರುತ್ತದಂತೆ; ಹುಟ್ಟುವ ಹೊತ್ತಿಗೆ ಅದು ಒಣಗಿ ದಾರದಂತಾಗುತ್ತದಂತೆ. ಅಣ್ಣನಿಗೆ ಅಲ್ಲೇ ಗಂಟು ಬೆಳೆದಿತ್ತು.

"ಕ್ಯಾನ್ಸರ್ ಅಂತ ನನಗೆ ಅನುಮಾನ. ಬಹಳ ಅಪರೂಪದ್ದು. ಇವತ್ತೇ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ. ಅಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಅದೇ ಆಗಿದ್ರೆ ಗಂಟಿನ ಜೊತೆ ಮೂತ್ರಕೋಶದ ಮೇಲ್ಭಾಗ, ಹೊಕ್ಕುಳು ಎಲ್ಲಾ ತೆಗೀಬೇಕು. ಹರಡಿಲ್ಲದಿದ್ರೆ ಉಳಿಯೋ ಆಸೆ ಇದೆ."

ಹೊಕ್ಕುಳನ್ನೂ ತೆಗೆಯುತ್ತಾರೆಯೇ? ಅಂಥದ್ದನ್ನು ನಾನು ಕೇಳಿಯೇ ಇರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದವನೇ ಅಣ್ಣ ಸೀದಾ ಗುಂಡ್ಲುಪೇಟೆ ಬಸ್ಸು ಹತ್ತಿ ಕೂತುಬಿಟ್ಟ. "ಒಕ್ಕಳು ಕುಯ್ಸ್ಕಂಡು ಯಾರಾರ ಬದುಕವ್ರಾ? ಊರಿಗೆ ಓಗನ, ಬುಡು," ಎಂದ. ಬೇಡಿಕೊಂಡೆ, ಬೈದೆ. ಅಲುಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸ್ಕ್ಯಾನಿನ ಕವರು ಕಿತ್ತುಕೊಂಡು ಪಕ್ಕದ ಮೈಸೂರು ಬಸ್ಸು ಹತ್ತಿದೆ.

ನನ್ನೊಬ್ಬಳನ್ನೇ ದೂರದ ಊರಿಗೆ ಕಳಿಸಿದವನಲ್ಲ ಅವನು. ನಮ್ಮ ಬಸ್ಸು ಹೊರಡುವಷ್ಟರಲ್ಲಿ ಗೊಣಗುತ್ತಾ ಓಡಿಬಂದು ಪಕ್ಕದಲ್ಲಿ ಕೂತ.

"ಗೊತ್ತಿಲ್ದಿರೋ ಊರ್ಗೆ ಒಬ್ಳೇ ಒಂಟ್ಬುಟ್ಳು, ದೊಡ್ಡ ಮನ್ಸಿ!"

ನಾನು ಮೈಸೂರಿಗೆ ಎರಡು ಟಿಕೆಟ್ಟು ತೆಗೆದುಕೊಂಡೆ. ಕಿಟಕಿಯಲ್ಲಿ ಚಾಮರಾಜನಗರದ ಕೊನೆಯ ಮನೆಗಳು ಹಿಂದೆ ಸರಿದವು. ಅಣ್ಣ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಯಾರಿಗೂ ಕೇಳಿಸದ ಹಾಗೆ, "ಕುಯ್ದ್ರೆ ಬಾಳ ನೋಯ್ತದೇನಮ್ಮಿ?" ಎಂದ. ಅವನು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇಲ್ಲ ಕಣಣ್ಣ," ಎಂದೆ. ನನಗೇನು ಗೊತ್ತಿತ್ತು?