ಯುಗಾದಿ ಕಳೀಲಿ ಅಂದರು

ತಮ್ಮನಿಗೆ ಕಿಡ್ನಿ ಕೊಡಬೇಕಾದವಳು ನಾನು. ರಕ್ತ ಹೊಂದಿತ್ತು, ಪರೀಕ್ಷೆಗಳೆಲ್ಲ ಮುಗಿದಿದ್ದವು, ಬೆಂಗಳೂರಿನ ಆಸ್ಪತ್ರೆಯವರೂ ಒಪ್ಪಿದ್ದರು. ನನ್ನ ಗಂಡ ಮರುಮಾತಾಡದೆ ಸಹಿ ಹಾಕಿದರು. ಜಡಿಗೇನಹಳ್ಳಿಯ ನಮ್ಮತ್ತೆ ಒಂದಿಷ್ಟು ಅತ್ತು, ಆಮೇಲೆ "ಒಡಹುಟ್ಟಿದೋನು ಕಣಮ್ಮ, ಬೇಡ ಅನ್ನಕ್ಕೆ ನಾನ್ಯಾರು" ಅಂದರು.

ತಮ್ಮ ದೊಡ್ಡಬಳ್ಳಾಪುರದ ನಮ್ಮ ತವರಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ವಾರಕ್ಕೆರಡು ಸಲ ಬೆಂಗಳೂರಿಗೆ ಡಯಾಲಿಸಿಸ್‌ಗೆ ಹೋಗಬೇಕು, ನೀರು ಕುಡಿಯುವುದಕ್ಕೂ ಹಿಡಿತ. ಮಗ್ಗದ ಮನೆಯ ಸೆಕೆಯಲ್ಲಿ ಒಂದು ಗುಟುಕು ನೀರನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಅಷ್ಟಾದರೂ ತಮಾಷೆ ಬಿಟ್ಟವನಲ್ಲ. "ಅಕ್ಕ, ನಿನ್ ಕಿಡ್ನಿ ಹಾಕಿದ್ಮೇಲೆ ನಂಗೂ ನಿನ್ನಂಗೇ ಮೂಗಿನ ತುದೀಲಿ ಸಿಟ್ಟು ಬಂದ್ಬಿಟ್ರೆ?" ಅನ್ನುತ್ತಿದ್ದ.

ಆಪರೇಷನ್‌ಗೆ ಫಾಲ್ಗುಣದಲ್ಲಿ ದಿನ ಕೊಟ್ಟರು. ಅಪ್ಪ ಹೋದ ಮೇಲೆ ಆ ಮನೆಯ ಯಜಮಾನಿಕೆ ದೊಡ್ಡಪ್ಪನದು. ಅವರು ತಲೆ ಅಲ್ಲಾಡಿಸಿದರು. "ಸಂವತ್ಸರ ಮುಗಿಯೋ ಹೊತ್ತಲ್ಲಿ ಮೈಗೆ ಕತ್ತಿ ಹಾಕಿಸ್ತಾರೇನಮ್ಮ? ಈ ದಿನಗಳಲ್ಲಿ ನಮ್ಮ ಮನೇಲಿ ಮಗ್ಗಕ್ಕೆ ಹೊಸ ಹಾಸಿನ ನೂಲು ಕೂಡ ಏರಿಸಲ್ಲ. ಯುಗಾದಿ ಕಳೀಲಿ."

ನನಗೆ ಉರಿದುಹೋಯಿತು. "ಕಾಯಿಲೆ ಏನು ಪಂಚಾಂಗ ನೋಡ್ಕೊಂಡು ಬಂತಾ ದೊಡ್ಡಪ್ಪ?"

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಈ ಮನೆ ವಿಷ್ಯ ನಾವು ನೋಡ್ಕೋತೀವಿ."

ಹೆಣ್ಣು ಕುಲಕ್ಕೆ ಹೊರಗಂತೆ, ಅವಳ ಕಿಡ್ನಿ ಮಾತ್ರ ಒಳಗೆ ಬರಬಹುದಂತೆ. ಇದನ್ನು ಅವರ ಮುಖಕ್ಕೇ ಹೇಳಿದೆ. ದೊಡ್ಡಪ್ಪನ ಎದುರು ದನಿಯೆತ್ತಿ ಗೊತ್ತಿಲ್ಲದ ತಮ್ಮ ಮಾರನೇ ದಿನ ತಾನೇ ಆಸ್ಪತ್ರೆಗೆ ಫೋನ್ ಮಾಡಿ, ಹಬ್ಬ ಕಳೆದ ಮೇಲಿನ ದಿನ ಕೇಳಿಕೊಂಡ. ಅವನ ಹೆಂಡತಿ ಬಸುರಿ, ಹಿಂದೂಪುರದ ತವರಿನಲ್ಲಿದ್ದಳು. "ಡೇಟು ಸ್ವಲ್ಪ ಮುಂದಕ್ಕೆ ಹೋಯ್ತು" ಅಂತ ಮಾತ್ರ ಅವಳಿಗೆ ಹೇಳಿದ.

ಯುಗಾದಿಯ ಹಿಂದಿನ ಸಂಜೆ ದೇಶವೆಲ್ಲ ಬಂದ್ ಎಂಬ ಸುದ್ದಿ ಟಿವಿಯಲ್ಲಿ ಬಂತು. ಆಸ್ಪತ್ರೆಯವರು ಕಸಿ ನಿಲ್ಲಿಸಿದರು. ಬೇರೆಯವರ ಅಂಗ ಮೈಗೆ ಒಗ್ಗಬೇಕಾದರೆ ಸೋಂಕು ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆ ಕೊಡಬೇಕು, ಕೊರೊನಾ ಕಾಲದಲ್ಲಿ ಅದು ಪ್ರಾಣಕ್ಕೇ ಸಂಚಕಾರ ಅಂದರು ಡಾಕ್ಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಒಬ್ಬರ ಮೇಲೆಯೇ.

ಕಸಿ ನಿಂತರೂ ಡಯಾಲಿಸಿಸ್ ನಿಲ್ಲುವಂತಿರಲಿಲ್ಲ. ಚೆಕ್‌ಪೋಸ್ಟಿನಲ್ಲಿ ಪೊಲೀಸರಿಗೆ ಕೈಯಲ್ಲಿನ ಸೂಜಿಗಾಯ ತೋರಿಸಿ, ತರಕಾರಿ ಟೆಂಪೋದಲ್ಲಿ ಕೂತು ಹೋಗಿಬರುತ್ತಿದ್ದ. ಆಸ್ಪತ್ರೆಯಲ್ಲೋ ದಾರಿಯಲ್ಲೋ, ಆಷಾಢದ ಹೊತ್ತಿಗೆ ಸೋಂಕು ತಗುಲಿತು. ಮಗಳು ಹುಟ್ಟಿದ್ದನ್ನು ಫೋನಿನಲ್ಲಿ ನೋಡಿದ್ದನಷ್ಟೆ, ಎತ್ತಿಕೊಳ್ಳದೆಯೇ ತೀರಿಕೊಂಡ. ಹೆಣ ಮನೆಗೆ ಬರಲಿಲ್ಲ. "ನಿನ್ನದಾದರೂ ಉಳೀತು ಬಿಡು" ಎಂದು ನನ್ನನ್ನು ಸಮಾಧಾನ ಮಾಡಿದವರೂ ಇದ್ದಾರೆ. ಅಂಥ ಸಮಾಧಾನಕ್ಕೆ ಬೆಂಕಿ ಬೀಳಲಿ.

ವರ್ಷದ ತಿಥಿಗೆ ಹೋದೆ. ತಮ್ಮನ ಹೆಂಡತಿ ಬಡಿಸುತ್ತ ಬಂದವಳು ನನ್ನ ಎಲೆಯ ಮುಂದೆ ನಿಂತಳು.

"ನಿಮ್ಮ ಗಂಡನ ಮನೆಯೋರು ಬೇಗ ಒಪ್ಪಿದ್ರೆ ಇವ್ರು ಉಳ್ಕೋತಿದ್ರು, ಅತ್ತಿಗೆ."

"ಹಾಗಂತ ಯಾರು ಹೇಳಿದ್ದು?"

"ದೊಡ್ಡಮಾವನೋರು."

ದೊಡ್ಡಪ್ಪ ಎದುರು ಸಾಲಿನಲ್ಲೇ ಕೂತು ಅನ್ನಕ್ಕೆ ಸಾರು ಕಲೆಸುತ್ತಿದ್ದರು. ನನ್ನ ದನಿ ಏರಿತು. "ಬೇಡ ಅಂದಿದ್ದು ಯಾರು? ಯುಗಾದಿ ಕಳೀಲಿ ಅಂದಿದ್ದು ಯಾರು? ನೀವೇ ಹೇಳಿ ದೊಡ್ಡಪ್ಪ."

ಅವರು ತುತ್ತು ನುಂಗಿ ಹೇಳಿದರು: "ಹೋದೋನು ಬರ್ತಾನೇನಮ್ಮ? ಉಣ್ಣೋ ಎಲೆ ಮುಂದೆ ಯಾಕೆ ಆ ಮಾತು."

ಇಲ್ಲ ಅನ್ನಲಿಲ್ಲ. ಅಷ್ಟು ಸಾಕು, ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಅವಳ ಮುಖದಲ್ಲೇ ಕಂಡಿತು. ಆದರೆ ಮಗ್ಗಗಳು ಆ ಮನೆಯವು, ಸೂರು ಆ ಮನೆಯದು. ಕೂಸು ಕಟ್ಟಿಕೊಂಡು ಅವಳು ಅಲ್ಲೇ ಬಾಳಬೇಕು. ನಾನಾದರೋ ಸಂಜೆಯ ಬಸ್ಸಿಗೆ ಹೊರಡುವವಳು.

ನನ್ನನ್ನು ದಾಟಿ ಹೋಗಿ, ದೊಡ್ಡಪ್ಪನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು.